ಕೆಂಚಕ್ಕನ ಎರಡು ಅಗಸೆ

ಹಿಂಡಿ ಅಂಗಡಿಯವನ ಮೂಗು ಸತ್ತುಹೋಗಿರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಚಳ್ಳಕೆರೆಯಂಥ ಎಣ್ಣೆ ಮಿಲ್ಲಿನ ಊರಲ್ಲಿ ಹುಟ್ಟಿ, ಶೇಂಗಾ ಹಿಂಡಿಯ ಚೀಲಗಳ ನಡುವೆ ಕೂತೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಹೊಸ ಹಿಂಡಿ, ಹಳೆ ಹಿಂಡಿ, ಮುಗ್ಗಲು ಹಿಂಡಿ ಎಲ್ಲ ನನಗೆ ಒಂದೇ ವಾಸನೆ. ಆದರೆ ಕೆಂಚಕ್ಕನ ಮೂಗು ಸತ್ತಿರಲಿಲ್ಲ. ಆಕೆ ಅಂಗಡಿಗೆ ಬಂದರೆ ಮೊದಲು ಚೀಲದ ಬಾಯಿ ಬಿಚ್ಚಿಸುವಳು. ಒಂದು ಚೂರು ಹಿಂಡಿ ಮುರಿದು ಮೂಸುವಳು, ಹಲ್ಲಲ್ಲಿ ಕಡಿಯುವಳು, ಮಿಕ್ಕಿದ್ದನ್ನು ಅಂಗೈಗೆ ಹಾಕಿ ಹೆಬ್ಬೆರಳಲ್ಲಿ ತಿಕ್ಕುವಳು. ಅಂಗೈ ಹೊಳೆಯದಿದ್ದರೆ ಆವತ್ತು ನನ್ನ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ.

“ಏನಪ್ಪಾ ಭೂಷಣ, ಇದು ಹಿಂಡಿನೋ ಇಟ್ಟಿಗೆ ಪುಡಿನೋ? ಜಿಡ್ಡೇ ಇಲ್ವಲ್ಲೋ!”

“ಮಿಲ್ಲಿನೋರು ಪೂರ್ತಿ ಹಿಂಡ್ಕೊಂಡ್ರೆ ನಾನೇನ್ ಮಾಡ್ಲಿ ಕೆಂಚಕ್ಕ? ಎಣ್ಣೆ ನಾನು ಕುಡಿದ್ನಾ?”

“ಹೊಟ್ಟೆ ನೋಡಿದ್ರೆ ಕುಡಿದಂಗೇ ಐತೆ ಬಿಡು.”

ನನ್ನ ಪೂರ್ತಿ ಹೆಸರು ನಾಗಭೂಷಣ. ಸಿಟ್ಟು ನನಗೂ ಮೂಗಿನ ತುದಿಯಲ್ಲೇ ಇರುತ್ತದೆ. ಬೇರೆ ಗಿರಾಕಿ ಹೀಗಂದಿದ್ದರೆ ಚೀಲದ ಬಾಯಿ ಕಟ್ಟಿ ದಾರಿ ತೋರಿಸುತ್ತಿದ್ದೆ. ಕೆಂಚಕ್ಕನಿಗೆ ಮಾತ್ರ ಹಾಗೆ ಮಾಡಲಾಗುತ್ತಿರಲಿಲ್ಲ. ಆಕೆ ಬೈಯುತ್ತಿದ್ದುದು ತನಗಾಗಿ ಅಲ್ಲ, ಹುಲ್ಲೆಗಾಗಿ.

ಹುಲ್ಲೆ ಎಂದರೆ ಆಕೆಯ ಹಸು. ಕಂದು ಮೈ, ಹಿಂದಕ್ಕೆ ಬಾಗಿದ ಕೊಂಬು, ಸಣ್ಣ ಸದ್ದಿಗೂ ಕಿವಿ ನಿಮಿರಿಸಿ ನೆಗೆಯುವ ಸ್ವಭಾವ. ಅದಕ್ಕೇ ಜಿಂಕೆಯ ಆ ಹೆಸರು. ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿಗಿರುವ ಗೊಲ್ಲರ ಹಟ್ಟಿಯಲ್ಲಿ ಕೆಂಚಕ್ಕನ ಮನೆ. ಗಂಡ ಚಿಕ್ಕೀರಪ್ಪ ಕುರಿ ನೋಡಿಕೊಳ್ಳುತ್ತಾನೆ, ಹಸು ಕೆಂಚಕ್ಕನದು. ಹಾಗೆಂದರೆ ಬರೀ ಸಾಕುವುದು ಆಕೆ ಎಂದಲ್ಲ, ಒಡೆತನವೇ ಆಕೆಯದು. ಆಕೆ ಮದುವೆಯಾಗಿ ಬರುವಾಗ ತಾಯಿ ಓಬಕ್ಕ ಒಂದು ಕಡಸನ್ನು ಬಳುವಳಿ ಕೊಟ್ಟಿದ್ದಳು. ಓಬಕ್ಕನಿಗೂ ಆಕೆಯ ತಾಯಿ ಅದೇ ಸಂತತಿಯ ಕಡಸನ್ನು ಕೊಟ್ಟಿದ್ದಳಂತೆ. ತಾಯಿಯಿಂದ ಮಗಳಿಗೆ, ಹಸುವಿನಿಂದ ಕರುವಿಗೆ ಹೀಗೆ ಬಂದದ್ದು ಇದು. ಗಂಡಸರಿಗೆ ಇದರಲ್ಲಿ ಬಾಯಿ ಹಾಕುವ ಹಕ್ಕಿಲ್ಲ. ಅದಕ್ಕೊಂದು ನೇಮವೂ ಉಂಟು: ತಾಯಿಹಸುವನ್ನು ಕೊಡಬಾರದು, ಅದರ ಹೆಣ್ಗರು ಕೊಡಬೇಕು. “ಸಸಿ ಕೊಡಬೇಕು, ಬೇರು ಕಿತ್ತು ಕೊಡಬಾರದು” ಎಂದು ಕೆಂಚಕ್ಕ ಹೇಳುತ್ತಿದ್ದಳು.

ಮಗಳು ಗಂಗಲಕ್ಷ್ಮಿಯನ್ನು ಮೊಳಕಾಲ್ಮೂರು ಕಡೆ ಸಿದ್ದಾಪುರಕ್ಕೆ ಕೊಟ್ಟಾಗ ಮನೆಯಲ್ಲಿ ಉಳಿದಿದ್ದು ಹುಲ್ಲೆಯೊಂದೇ. ಅದೂ ಇನ್ನೂ ಈಯದ ಕಡಸು. ಮುದಿ ಹಸು ಆ ವರ್ಷವೇ ಸತ್ತಿತ್ತು. “ಇದರ ಮೊದಲ ಹೆಣ್ಗರು ನಿಂದು ಕಣವ್ವ” ಎಂದು ಮಗಳ ಕೈ ಹಿಡಿದು ಮಾತು ಕೊಟ್ಟು ಕಳಿಸಿದಳು. ಮಾತೇನೋ ಹೋಯಿತು, ಕರು ಹೋಗಲಿಲ್ಲ. ಹುಲ್ಲೆ ಬೆದೆಗೆ ಬರುತ್ತಿತ್ತು, ಗಬ್ಬಕ್ಕೆ ಸೂಜಿ ಹಾಕಿಸುತ್ತಿದ್ದರು, ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ತಿರುಗಿ ಬೆದೆಗೆ ಬರುತ್ತಿತ್ತು. ಹೋರಿಗೆ ಬಿಟ್ಟು ನೋಡಿದರು, ಆಗಲೂ ಅದೇ ಕಥೆ. ಸಿದ್ದಾಪುರದಲ್ಲಿ ಗಂಗಲಕ್ಷ್ಮಿಯ ಅತ್ತೆ ಒಮ್ಮೆ ನಗುನಗುತ್ತಲೇ, “ನಿಮ್ಮವ್ವನ ಹಸು ಇನ್ನೂ ದಾರಿಯಲ್ಲೇ ಐತೇನಮ್ಮ?” ಎಂದು ಕೇಳಿದಳಂತೆ. ಹೇಳಿಕೊಂಡು ಕೆಂಚಕ್ಕ ನನ್ನೆದುರಿಗೇ ಮೂಗು ಸೀದಿದಳು. ಆ ನಗು ಆಕೆಗೆ ಬಯ್ಗುಳಕ್ಕಿಂತ ಹೆಚ್ಚು ನಾಟಿತ್ತು.

ಇತ್ತ ಚಿಕ್ಕೀರಪ್ಪನ ತಾಳ್ಮೆಯೂ ಮುಗಿಯುತ್ತ ಬಂದಿತ್ತು. ಕೆಟ್ಟವನಲ್ಲ ಅವನು. ಆದರೆ ಕಾವಲಿಗೆ ಬೇಲಿ ಬಂದು ದನ ಒಳಗೆ ಬಿಡದಂತಾದ ಮೇಲೆ ಹಸುವಿಗೆ ಮೇವು ಹೊಂಚುವುದು ಏನೆಂದು ಸಾಕಿದವರಿಗೇ ಗೊತ್ತು. “ಗೊಡ್ಡು ಹಸು ಕಟ್ಕಂಡು ಏನ್ಲೇ ಮಾಡ್ತೀಯಾ? ದೀಪಾವಳಿ ಒಳಗೆ ಗಬ್ಬ ನಿಂತ್ರೆ ಸೈ, ಇಲ್ಲಾಂದ್ರೆ ಸಂತೆಗೆ ಹೊಡಿತೀನಿ” ಎಂದುಬಿಟ್ಟ. ಗಂಡಸರಿಗೆ ಬಾಯಿ ಹಾಕುವ ಹಕ್ಕಿಲ್ಲ ನಿಜ, ಆದರೆ ಮೇವು ತರುವವನು ಅವನೇ. ಗೊಡ್ಡು ಹಸು ಸಂತೆಗೆ ಹೋದರೆ ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕೆಂಚಕ್ಕ ತನಗೆ ತಿಳಿದದ್ದನ್ನು ಮಾಡಿದಳು. ಹಿಂಡಿ ಹೆಚ್ಚು ಮಾಡಿದಳು. ಜಿಡ್ಡು ತಿಂದರೆ ಗಬ್ಬ ನಿಲ್ಲುತ್ತದೆ ಎಂದು ಆಕೆಯ ಅವ್ವ ಹೇಳಿದ್ದಳಂತೆ. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮುಸುಕಿನ ಜೋಳದ ನುಚ್ಚು, ಎಲ್ಲ ನನ್ನ ಅಂಗಡಿಯಿಂದಲೇ ಹೋಯಿತು. ಗಿರಾಕಿ ಹೆಚ್ಚು ಕೊಂಡರೆ ಬೇಡ ಅನ್ನುವ ಹುಚ್ಚ ನಾನಲ್ಲ. ಹುಲ್ಲೆ ತಿಂದಿತು, ಮತ್ತೆ ಬೆದೆಗೆ ಬಂತು.

ಆಗ ಪಕ್ಕದ ಊರಿನ ಪಶು ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದಿದ್ದಾಳೆಂದು ಕೆಂಚಕ್ಕ ಹಸು ಹೊಡೆದುಕೊಂಡು ಹೋದಳು. ಡಾಕ್ಟರಮ್ಮನ ಹೆಸರು ಶಿಲ್ಪ, ಗದಗಿನ ಕಡೆಯವಳು. ಮಾರನೆಯ ದಿನ ಕೆಂಚಕ್ಕ ನನ್ನ ಅಂಗಡಿಗೆ ಬಂದಾಗ ಮುಖದಲ್ಲಿ ಹೊಸ ಕಳೆ ಇತ್ತು.

“ಕೈ ಹಾಕಿ ನೋಡಿದ್ಳು ಕಣಪ್ಪ. ಗರ್ಭಕೋಶ ಚೆನ್ನಾಗೈತೆ, ಗಬ್ಬ ಕಟ್ಟಬೌದು, ನಿಲ್ತಾ ಇಲ್ಲ ಅಷ್ಟೇ ಅಂದ್ಳು. ಮಿನರಲ್ ಪುಡಿ ಕೊಟ್ಳು. ಆಮೇಲೆ ಅಗಸೆ ಹಾಕ್ರಿ, ಬೆದೆಗೆ ಬರೋಕೆ ಮುಂಚಿಂದ ಶುರು ಮಾಡ್ರಿ ಅಂದ್ಳು.”

“ಅಗಸೆನಾ?”

“ಹೂಂ ಕಣೋ! ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನನ್ನ ಬಚ್ಚಲ ಹಿಂದೆನೇ ಆಳೆತ್ತರ ಬೆಳೆದು ನಿಂತೈತೆ ಅಗಸೆ ಮರ. ಇನ್ಮೇಲೆ ನಿನ್ನ ಅಂಗಡಿಗೆ ಅರ್ಧ ರಜ ತಗಾ.”

ನನಗೆ ಕೊಂಚ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನಮ್ಮ ಕಡೆ ಅಗಸೆ ಎಂದರೆ ಮರವೇ. ಬಿಳಿ ಹೂ ಬಿಡುತ್ತದೆ, ಉದ್ದುದ್ದ ಕಾಯಿ ಜೋತುಬೀಳುತ್ತದೆ, ಎಲೆಯನ್ನು ಮನುಷ್ಯರು ಪಲ್ಯ ಮಾಡುತ್ತಾರೆ, ದನಕರು ಬಾಯಿ ಚಪ್ಪರಿಸಿ ಮೇಯುತ್ತವೆ. ಡಾಕ್ಟರು ಅದನ್ನು ಹಾಕು ಅಂದರೆ ಯಾರು ತಾನೇ ಅನುಮಾನ ಪಡುತ್ತಾರೆ?

ಆ ಮುಂಗಾರು ಪೂರ್ತಿ ಕೆಂಚಕ್ಕ ಅಗಸೆ ಸೊಪ್ಪು ಕೊಯ್ದಳು. ತನ್ನ ಮರ ಬೋಳಾಯಿತು. ಆಮೇಲೆ ಹಟ್ಟಿಯಲ್ಲಿ ಯಾರ ಹಿತ್ತಲಲ್ಲಿ ಅಗಸೆ ಇದೆಯೋ ಅವರ ಮನೆಗೆಲ್ಲ ಹೋದಳು. ಆಕೆ ಕುಡುಗೋಲು ಹಿಡಿದು ಬರುವುದು ಕಂಡರೆ ಹೆಂಗಸರು “ಬಂದ್ಳಪ್ಪ ಅಗಸೆ ಕೆಂಚಿ” ಎಂದು ಒಳಗೆ ಸರಿಯುತ್ತಿದ್ದರಂತೆ. ಕಡೆಗೆ ನನ್ನಿವಾಳ ಎಂಬ ಊರಲ್ಲಿದ್ದ ತಂಗಿಯ ಮನೆಯಿಂದಲೂ ಬಸ್ಸಿನಲ್ಲಿ ಸೊಪ್ಪಿನ ಹೊರೆ ತಂದಳು. ಕಂಡಕ್ಟರ್ ಕೊಸರಾಡಿದ್ದಕ್ಕೆ, “ಇದು ಔಷಧಿ ಕಣಪ್ಪ, ಡಾಕ್ಟ್ರು ಬರೆದಿರೋದು” ಎಂದು ದಬಾಯಿಸಿದಳು.

ಹುಲ್ಲೆಯ ಮೈ ಮಿರಿಮಿರಿ ಮಿಂಚತೊಡಗಿತು. ಸೊಂಟದ ಮೂಳೆ ಕೊಂಚ ಮರೆಯಾಯಿತು. ಸೂಜಿ ಹಾಕಿಸಿದರು. ಕೆಂಚಕ್ಕ ಹರಕೆ ಹೊತ್ತಳು. ನವರಾತ್ರಿ ಹತ್ತಿರ ಬಂದಾಗ ಹುಲ್ಲೆ ಮತ್ತೆ ಕೂಗಿ ಹಗ್ಗ ಜಗ್ಗತೊಡಗಿತು. ತಿರುಗಿ ಬೆದೆ.

ಎರಡು ದಿನ ಬಿಟ್ಟು ಆಕೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ಚೀಲದ ಬಾಯಿ ಬಿಚ್ಚು ಅನ್ನಲಿಲ್ಲ, ಹಿಂಡಿ ಮೂಸಲಿಲ್ಲ. ಬೈಯದ ಕೆಂಚಕ್ಕನನ್ನು ನಾನು ಅದೇ ಮೊದಲು ನೋಡಿದ್ದು, ನನಗೆ ಭಯವಾಯಿತು. “ಚಿಕ್ಕೀರಪ್ಪ ಸಂತೆ ದಿನ ಗೊತ್ತು ಮಾಡ್ಯಾನೆ” ಎಂದಳು. ನಾನು ಟೀ ತರಿಸಿದೆ.

ಟೀ ಲೋಟ ಕೈಯಲ್ಲಿರುವಾಗಲೇ ಸ್ಕೂಟರ್ ಬಂದು ನಿಂತಿತು. ಡಾಕ್ಟರಮ್ಮ! ಮಿನರಲ್ ಪುಡಿಯ ದರ ಕೇಳಲು ಚಳ್ಳಕೆರೆಗೆ ಬಂದಾಗೆಲ್ಲ ನನ್ನ ಅಂಗಡಿಗೂ ಇಣುಕುತ್ತಿದ್ದಳು. ಅವಳನ್ನು ಕಂಡದ್ದೇ ತಡ, ಕೆಂಚಕ್ಕ ಲೋಟ ಕುಕ್ಕಿ ಎದ್ದಳು.

“ಬಾ ತಾಯಿ ಬಾ! ನಿನ್ನ ಅಗಸೆಗೆ ಬೆಂಕಿ ಬೀಳಾ! ಊರಾಗಿನ ಅಗಸೆ ಎಲ್ಲ ಬೋಳು ಮಾಡಿ ಹಾಕಿದ್ದೀನಿ, ಏನೂ ಆಗ್ಲಿಲ್ಲ!”

ಡಾಕ್ಟರಮ್ಮ ಹೆಲ್ಮೆಟ್ ತೆಗೆಯುತ್ತ ನಿಂತಲ್ಲೇ ನಿಂತಳು. “ಬೋಳು ಮಾಡಿದ್ರಿ? ಏನ್ ಬೋಳು ಮಾಡಿದ್ರಿ ಅಮ್ಮಾರ?”

“ಮರ!”

“ಮರಾನ? ಅಗಸಿಗೆ ಎಲ್ಲಿ ಮರಾರೀ? ಮೊಣಕಾಲಮಟ ಬೆಳೀತೈತಿ ಅಷ್ಟ. ಅಗಸಿ ಅಂದ್ರ ಕಾಳ ಅಲ್ರೀ, ಅದನ್ನ ಹಾಕ್ರಿ ಅಂದಿದ್ದೆ ನಾ.”

“ಕಾಳಾ?” ಕೆಂಚಕ್ಕ ನನ್ನ ಕಡೆ ತಿರುಗಿದಳು. ನಾನು ಡಾಕ್ಟರಮ್ಮನ ಕಡೆ ನೋಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾವಿಬ್ಬರೂ ಅದೇ ಜಾತಿಯವರು ಎಂದು ನನಗೆ ಆಗ ಹೊಳೆಯಿತು. ಗದಗಿನ ಹುಡುಗಿಗೆ ಅಗಸೆ ಎಂದರೆ ಚಟ್ನಿಗೆ ಹಾಕುವ ಕಾಳು, ನಮಗೆ ಬಚ್ಚಲ ಹಿಂದಿನ ಮರ. ಅವಳು ಹೇಳಿದ್ದೂ ಸರಿ, ನಾವು ಕೇಳಿಸಿಕೊಂಡಿದ್ದೂ ಸರಿ. ಹೀಗಿದ್ದೂ ಒಂದು ಮುಂಗಾರು ಹೋಗಿತ್ತು.

ಡಾಕ್ಟರಮ್ಮ ಮಾತು ಬೆಳೆಸಲಿಲ್ಲ. ಸ್ಕೂಟರಿನಿಂದ ಊಟದ ಡಬ್ಬಿ ತೆಗೆದು, ರೊಟ್ಟಿಯ ಪಕ್ಕದಲ್ಲಿದ್ದ ಚಟ್ನಿಪುಡಿಯನ್ನು ಒಂದು ಚಿಟಿಕೆ ಕೆಂಚಕ್ಕನ ಅಂಗೈಗೆ ಹಾಕಿದಳು. “ಇದರೀ ನಮ್ಮ ಅಗಸಿ.”

ಕೆಂಚಕ್ಕ ಮೂಸಿದಳು. ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ, ನನಗೆ ಗೊತ್ತೇ ಇತ್ತು, ಹೆಬ್ಬೆರಳಲ್ಲಿ ತಿಕ್ಕಿದಳು. ಅಂಗೈ ಫಳಫಳ ಹೊಳೆಯಿತು.

“ಅಯ್ಯಯ್ಯೋ ಭೂಷಣ, ಜಿಡ್ಡು ಅಂದ್ರೆ ಇದು ನೋಡೋ!”

“ಜಿಡ್ಡೇನೋ ಖರೇ,” ಎಂದಳು ಡಾಕ್ಟರಮ್ಮ, ಹಿಂಡಿ ಚೀಲದ ಮೇಲೆ ಕೂರುತ್ತ. “ಆದ್ರ ಎಲ್ಲಾ ಜಿಡ್ಡು ಒಂದ ಅಲ್ರೀ. ಶೇಂಗಾ, ಹತ್ತಿಕಾಳು, ಗೋವಿನಜೋಳ, ಇವುಗಳದೊಂದು ಥರ. ಹಸಿ ಹುಲ್ಲಿನಾಗ ಇರೂದು ಇನ್ನೊಂದು ಥರ. ನಿಮ್ಮ ಆಕಳಿಗೆ ಮೊದಲಿಂದು ಬೇಕಾದಷ್ಟು ಸಿಗಾಕತ್ತೈತಿ, ಎರಡನೇದು ಸಿಗವಲ್ದು. ಅಗಸಿ ಕಾಳಿನಾಗ ಆ ಹುಲ್ಲಿನ ಜಿಡ್ಡು ಭಾಳ ಐತಿ.”

“ಅದಕ್ಕೂ ಗಬ್ಬಕ್ಕೂ ಏನವ್ವ ಸಂಬಂಧ?”

“ಗರ್ಭ ಕಟ್ಟಿದ ಹೊಸದ್ರಾಗ ಅದು ಎಳ್ಳುಕಾಳಿನಂಗ ಇರ್ತೈತಿ. ತಾಯಿ ಮೈಗೆ ಸುದ್ದಿ ಮುಟ್ಟಾಕ ಹೊತ್ತು ಹಿಡೀತೈತಿ. ಅಷ್ಟ್ರಾಗ ಗರ್ಭಚೀಲ ಈ ಸಲ ಏನೂ ಇಲ್ಲ ಬಿಡು ಅಂತ ತಿಳ್ಕೊಂಡು, ಖಾಲಿ ಮಾಡಿ, ಮತ್ತ ಬೆದಿಗೆ ತರ್ತೈತಿ. ಈ ಜಿಡ್ಡು ಹೊಟ್ಟಿಗೆ ಬಿದ್ರ ಆ ಅವಸರ ಒಂಚೂರು ತಗ್ಗತೈತಿ. ಕೂಸಿಗೆ ಸುದ್ದಿ ಮುಟ್ಟಸಾಕ ಹೊತ್ತು ಸಿಗತೈತಿ. ಖಾತ್ರಿ ಅಂತ ನಾ ಹೇಳಂಗಿಲ್ಲ. ಕೆಲವಕ್ಕ ಹತ್ತತೈತಿ, ಕೆಲವಕ್ಕ ಇಲ್ಲ.”

ಕೆಂಚಕ್ಕ ಅಂಗೈಯ ಪುಡಿಯನ್ನು ಇನ್ನೊಮ್ಮೆ ಮೂಸಿದಳು. ಆಮೇಲೆ ನಿಧಾನಕ್ಕೆ ಹೇಳಿದಳು: “ಅವ್ವನ ಕಾಲದಾಗೆ ದನ ಕಾವಲ್‌ನಾಗೇ ಬಿದ್ದಿರ್ತಿದ್ವು. ಮಳೆ ಬಿದ್ದ ಮ್ಯಾಲೆ ಹುಲ್ಲು ಎದ್ದು ನಿಂತ್ರೆ ಒಳಗೆ ಹೋದ ಹಸು ಗಬ್ಬ ಆಗೇ ಹೊರಗೆ ಬರ್ತಿತ್ತು. ಅವ್ವ ತನ್ನ ಕೈಗುಣ ಅನ್ಕಂಡಿದ್ಳು. ನಾನೂ ಹಂಗೇ ಅನ್ಕಂಡಿದ್ದೆ.”

“ಕೈಗುಣಾನೂ ಇದ್ದೀತು ಬಿಡ್ರಿ,” ಎಂದಳು ಡಾಕ್ಟರಮ್ಮ. “ಸೊಪ್ಪು ಹಾಕಿದ್ದೂ ದಂಡ ಆಗಿಲ್ಲ. ಹಸಿರು ಅದು, ಮೈ ತುಂಬೈತಿ. ಅದನ್ನೂ ಬಿಡಬ್ಯಾಡ್ರಿ.”

ನಾನೂ ಅಂದು ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಯೋಚಿಸಿದೆ. ಹಿಂಡಿ ಎಂಬ ಹೆಸರು ನನ್ನ ಅಪ್ಪನ ಕಾಲದ್ದೇ, ಅದರೊಳಗಿನ ಎಣ್ಣೆ ಮಿಲ್ಲಿಗೆ ಹೋಗಿದೆ. ಹಸು ಎಂಬ ಹೆಸರೂ ಹಳೆಯದೇ, ಅದರೊಳಗಿನ ಹುಲ್ಲು ಬೇಲಿಯ ಆಚೆಗೆ ಉಳಿದಿದೆ. ಹೆಸರು ಹಾಗೇ ಇರುವುದರಿಂದ ಒಳಗಿನದು ಹೋದದ್ದು ನಮಗೆ ಗೊತ್ತಾಗುವುದಿಲ್ಲ.

ಗದಗಿನಿಂದ ಬರುವ ಲಾರಿಯವನಿಗೆ ಹೇಳಿ ಅಗಸೆ ಕಾಳು ತರಿಸಿದೆ. ಚಿಕ್ಕೀರಪ್ಪನನ್ನು ಅಂಗಡಿಗೆ ಕರೆಸಿ, “ಇನ್ನೊಂದು ಬೆದೆ ಕಾಯಿ ಮಾರಾಯ, ತಪ್ಪು ಹಸುವಿಂದಲ್ಲ, ಮಾತಿಂದು” ಎಂದೆ. ಅವನು ನಡೆದದ್ದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕವನು ಒಪ್ಪಿದ. ನಗಿಸಿದರೆ ಗಂಡಸರು ಬೇಗ ಒಪ್ಪುತ್ತಾರೆ.

ಕಾಳನ್ನು ಹುರಿದು, ತರಿತರಿಯಾಗಿ ಒಡೆದು, ಹಿಂಡಿಯೊಂದಿಗೆ ಬೊಗಸೆಯಷ್ಟು ಕಲಸಿ ಹಾಕಬೇಕು. ಇಡಿಯಾಗಿ ಹಾಕಿದರೆ ಸಗಣಿಯಲ್ಲಿ ಹಾಗೇ ಬೀಳುತ್ತದೆ. ಇಷ್ಟು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಕೆಂಚಕ್ಕನ ಕೈ ಬೊಗಸೆಗೆ ನಿಲ್ಲುವ ಕೈಯೇ? ಮೊದಲ ವಾರವೇ ಮೊರದಲ್ಲಿ ಸುರಿದಳು. ಹುಲ್ಲೆ ಮೇವು ಬಿಟ್ಟಿತು, ಸಗಣಿ ನೀರಾಯಿತು. ಓಡಿಬಂದ ಡಾಕ್ಟರಮ್ಮ ಮೊದಲ ಸಲ ಗದರಿದಳು: “ಹೊಟ್ಟಿಯೊಳಗ ಹುಲ್ಲು ಕರಗಸೂ ಹುಳ ಇರ್ತಾವ್ರಿ ಅಮ್ಮಾರ. ಎಣ್ಣಿ ಜಾಸ್ತಿ ಆದ್ರ ಅವು ಸಾಯ್ತಾವ. ಒಳ್ಳೇದು ಅಂತ ಮೊರಗಟ್ಟಲೆ ಹಾಕೂದಲ್ಲ!” ಕೆಂಚಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳಂತೆ. ನಾನು ಅದನ್ನು ನೋಡಬೇಕಿತ್ತು.

ಆಮೇಲೆ ಬೊಗಸೆ ಎಂದರೆ ಬೊಗಸೆ. ಹುಲ್ಲೆ ಬೆದೆಗೆ ಬಂತು, ಸೂಜಿ ಹಾಕಿಸಿದರು. ದೀಪಾವಳಿ ಬಂತು, ಹೋಯಿತು. ಹಸು ಹಗ್ಗ ಜಗ್ಗಲಿಲ್ಲ, ಕೂಗಲಿಲ್ಲ. ಡಾಕ್ಟರಮ್ಮ ಕೈ ಹಾಕಿ ನೋಡಿ “ನಿಂತೈತ್ರೀ” ಅಂದಾಗ ಕೆಂಚಕ್ಕ ಹುಲ್ಲೆಯ ಕುತ್ತಿಗೆ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಇದನ್ನು ನನಗೆ ಹೇಳಿದವನು ಚಿಕ್ಕೀರಪ್ಪ. ಹೇಳುವಾಗ ಅವನ ಕಣ್ಣೂ ಒದ್ದೆಯಾಗಿತ್ತು, ಬೀಡಿ ಹೊಗೆ ಎಂದ.

ಮುಂದಿನ ಶ್ರಾವಣದಲ್ಲಿ ಹುಲ್ಲೆ ಈದಿತು. ಕೆಂಚಕ್ಕ ನನಗೆ ಗಿಣ್ಣು ತಂದುಕೊಟ್ಟಳು. ಡಬ್ಬಿ ಕೈಗಿಟ್ಟು ಎತ್ತಲೋ ನೋಡುತ್ತ, “ಹೋರಿಗರು” ಎಂದಳು.

ಇಷ್ಟೆಲ್ಲ ಮಾಡಿ ಹೋರಿಗರು! ಮಗಳಿಗೆ ಹೇಳಿಕಳಿಸಿದ್ದು ಹೆಣ್ಗರು. ಚಿಕ್ಕೀರಪ್ಪ, “ಮುಂದಿನ ಸೂಲು ನೋಡಾನ ಬಿಡು, ಈಗ ದಾರಿ ಗೊತ್ತಾಯ್ತಲ್ಲ” ಎಂದು ಸಮಾಧಾನ ಹೇಳಿದನಂತೆ. ನಾನೂ ಅದನ್ನೇ ಹೇಳಿದೆ. ಆಕೆ ಎಂದಿನಂತೆ ಅಗಸೆ ಒಯ್ದಳು. ಕರು ಹುಲ್ಲು ಹಿಡಿಯಿತು. ಹುಲ್ಲೆ ಮತ್ತೆ ಬೆದೆಗೆ ಬಂತು, ಈ ಸಲ ಮೊದಲ ಸೂಜಿಗೇ ನಿಂತಿತು.

ಒಂದು ಬೆಳಗ್ಗೆ ನನ್ನ ಅಂಗಡಿಯ ಮುಂದೆ ಟೆಂಪೋ ಬಂದು ನಿಂತಿತು. ಹಿಂದೆ ಹುಲ್ಲೆ, ಕೊಂಬಿಗೆ ಅರಿಶಿನ ಕುಂಕುಮ. ಪಕ್ಕದಲ್ಲಿ ಅದರ ಬೆನ್ನ ಮೇಲೆ ಕೈಯಿಟ್ಟು ಗಂಗಲಕ್ಷ್ಮಿ. ಕೆಂಚಕ್ಕ ಮುಂದಿನ ಸೀಟಿನಿಂದ ಇಳಿದು, “ಒಂದು ಚೀಲ ಅಗಸೆ ಕೊಡು, ಸಿದ್ದಾಪುರಕ್ಕೆ” ಎಂದಳು.

ನನಗೆ ಅರ್ಥವಾಗಲು ಗಳಿಗೆ ಹಿಡಿಯಿತು. “ಏನ್ ಮಾಡ್ತಿದ್ದೀಯಾ ಕೆಂಚಕ್ಕ? ಬೇರು ಕಿತ್ತು ಕೊಡಬಾರದು ಅಂತಿದ್ದೋಳು ನೀನೇ ಅಲ್ವಾ? ಇನ್ನೊಂದು ಸೂಲು ಕಾಯೋಕೆ ಏನಾಗಿತ್ತು?”

“ಅದೂ ಹೋರಿ ಆದ್ರೆ? ಅದರ ಮುಂದಿಂದೂ ಹೋರಿ ಆದ್ರೆ?” ಆಕೆ ಹುಲ್ಲೆಯ ಕಡೆ ನೋಡಿದಳು. “ಹುಲ್ಲೆಗೆ ಅವಸರ ತಗ್ಗಿತು ಭೂಷಣ, ಈಗ ನನಗೆ ಹತ್ಕಂಡೈತೆ. ಬೇಲಿ ಪಕ್ಕದಾಗೆ ಕಟ್ಟಿಹಾಕಿ ಬೇರು ಅಂದ್ರೆ ಬೇರು ಆಗ್ತೈತೇನು? ಸಿದ್ದಾಪುರದ ಗುಡ್ಡದ ಬುಡದಾಗೆ ಇನ್ನೂ ಹುಲ್ಲೈತೆ. ಬೇರು ಅಲ್ಲೇ ಬಿಡ್ಲಿ.”

ಗಂಗಲಕ್ಷ್ಮಿ ಕೆಳಗಿಳಿದು ಬಂದಳು. ಅಂಗಡಿಯ ಮೆಟ್ಟಿಲ ಮೇಲೇ ಕೆಂಚಕ್ಕ ಮಗಳಿಗೆ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಕೊಬ್ಬರಿ ಮನೆಯಿಂದಲೇ ತಂದಿದ್ದಳು. ಕೊನೆಗೆ ನನ್ನ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಅಗಸೆ ಕಾಳನ್ನೂ ಸೇರಿಸಿದಳು. ಜೊತೆಗೆ ಅಗಸೆ ಮರದ ಒಣಗಿದ ಕಾಯಿಯೊಂದನ್ನು ಇಟ್ಟಳು.

“ಬಚ್ಚಲ ಹಿಂದೆ ಈ ಕಾಯಿ ಬೀಜ ಹಾಕು, ಮರ ಆಗ್ತೈತೆ. ಕಾಳು ಖಾಲಿ ಆದ್ರೆ ಅಲ್ಲಿ ಅಂಗಡಿಯಾಗೆ ಅಗಸೆ ಕೊಡು ಅನ್ಬೇಡ. ಆಂಧ್ರದ ಗಡಿ ಊರು ಅಂತ ತೆಲುಗಿನಾಗೆ ಅವಿಸೆ ಅಂತಾನೂ ಅನ್ಬೇಡ, ಅವರಿಗೂ ಮರ, ಕಾಳು ಎರಡಕ್ಕೂ ಅದೇ ಹೆಸರು. ಹೆಸರು ಹೇಳ್ಲೇಬೇಡ. ಕಾಳು ಕೈಯಾಗಿಟ್ಟು ತೋರಿಸು, ತಿಕ್ಕಿ ನೋಡಿ ತಗಾ.”

“ಅವ್ವ, ನೀನು ಹಸುವಿಲ್ದೆ ಹೆಂಗಿರ್ತೀಯಾ?” ಗಂಗಲಕ್ಷ್ಮಿ ಅಳುತ್ತಿದ್ದಳು.

“ಹೋರಿಗರು ಐತಲ್ಲೇ. ಅಪ್ಪನೂ ಐದಾನೆ. ಇಬ್ರಿಗೂ ಹೊತ್ತೊತ್ತಿಗೆ ಮೇವು ಹಾಕಬೇಕು, ಹೋಗು.”

ಟೆಂಪೋ ಹೊರಟಿತು. ಹುಲ್ಲೆ ಒಮ್ಮೆ ಕುತ್ತಿಗೆ ತಿರುಗಿಸಿ ಕೂಗಿತು. ಕೆಂಚಕ್ಕ ಜೊತೆಗೆ ಹೋಗಲಿಲ್ಲ, ಹಸುವನ್ನು ಬೇರೆ ಕೊಟ್ಟಿಗೆಯಲ್ಲಿ ಕಟ್ಟುವುದನ್ನು ತಾನು ನೋಡಲಾರೆ ಎಂದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಬಂದು ಮೆಟ್ಟಿಲ ಮೇಲೆ ಕೂತಳು. ಸೆರಗಿಗೆ ಅಂಟಿದ್ದ ನಾಲ್ಕು ಅಗಸೆ ಕಾಳನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಲ್ಲಿ ತಿಕ್ಕತೊಡಗಿದಳು.

“ಕರು ಕೊಡ್ತೀನಿ ಅಂದಿದ್ದೆ ಕಣಪ್ಪ. ಕರು ಹೊರೋ ಹೊಟ್ಟೆನೇ ಕೊಟ್ಟೆ.”